ಜೇನ್ ಜೇಕಬ್ಸ್: ಬೀದಿಯನ್ನು ಓದಿದ ಪತ್ರಕರ್ತೆ

ಅಭ್ಯಾಸ ಪಾಠಗಳ ವೀಕ್ಷಣೆಗೆಂದು ನಾನು ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿದ್ದ ಒಂದು ದಿನದ ಸಂಗತಿಯಿಂದ ಈ ಬರಹವನ್ನು ಆರಂಭಿಸಬೇಕಾಗಿದೆ. ಅಲ್ಲಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸಮಾಜ ವಿಜ್ಞಾನದ ಪಾಠ ಮಾಡುತ್ತಿದ್ದರು. ಜನವಸತಿಗಳು ನದಿ ದಡದಲ್ಲಿ ಬೆಳೆಯುತ್ತವೆ ಎಂಬುದು ಅಂದಿನ ಬೋಧನಾಂಶ. ಉದಾಹರಣೆಯಾಗಿ ಭದ್ರಾ ನದಿ, ಭದ್ರಾವತಿ ಎಂದು ಅವರು ಕಪ್ಪುಹಲಗೆಯ ಮೇಲೆ ಬರೆದಾಗ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಹೊಳೆ ಮೊದಲಿನಿಂದಲೂ ಇತ್ತು, ಊರು ದೊಡ್ಡದಾಗಿದ್ದು ಕಾರ್ಖಾನೆ ಬಂದ ಮೇಲೆ, ನಮ್ಮ ತಾತ ಇಲ್ಲಿಗೆ ಬಂದಿದ್ದು ಕಾರ್ಖಾನೆ ಕೆಲಸಕ್ಕೇ ಹೊರತು ಹೊಳೆ ನೋಡಿಕೊಂಡಲ್ಲ ಎಂಬುದು ಅವಳ ತಕರಾರು. ಪ್ರಶಿಕ್ಷಣಾರ್ಥಿ ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಪಾಠ ಯೋಜನೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು, ಯಾರ ಯಾರ ತಾತಂದಿರು ಯಾವ ಊರಿನಿಂದ, ಯಾವ ಕೆಲಸಕ್ಕೆ ಬಂದರು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹಲಗೆಯ ಮೇಲೆ ಪಟ್ಟಿ ಮಾಡತೊಡಗಿದರು. ಪಟ್ಟಿ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ವೀಕ್ಷಣಾ ಪುಸ್ತಕದಲ್ಲಿ ಯೋಜನೆಯಿಂದ ವಿಚಲನೆ, ಮೌಲ್ಯಮಾಪನ ಹಂತ ನಡೆದಿಲ್ಲ ಎಂದು ಬರೆದು ಅಂಕ ಕಡಿಮೆ ಮಾಡಿ ಸಹಿ ಹಾಕಿದೆ.

ಇದಾದ ಕೆಲವು ತಿಂಗಳ ಮೇಲೆ, ನಗರಗಳ ಕುರಿತ ಘಟಕವೊಂದನ್ನು ಸಿದ್ಧಪಡಿಸುವಾಗ ಜೇನ್ ಜೇಕಬ್ಸ್ ಅವರ ಜೀವನವನ್ನು ಓದಿದೆ. ನಗರ ಯೋಜನೆ ಓದಿದವರಿಗೆಲ್ಲ ಅವರ ಹೆಸರು ಗೊತ್ತು. ನಮ್ಮ ಶಿಕ್ಷಣ ಕ್ಷೇತ್ರದಲ್ಲಿ ಅವರನ್ನು ಬಲ್ಲವರು ಕಡಿಮೆ. ಅವರ ಬಾಲ್ಯದ ಒಂದು ಪುಟದಲ್ಲಿ ನನಗೆ ಭದ್ರಾವತಿಯ ಆ ಹುಡುಗಿ ಕಂಡಳು.

ಜೇನ್ ಹುಟ್ಟಿದ್ದು 1916ರ ಮೇ 4ರಂದು, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸ್ಕ್ರ್ಯಾಂಟನ್ ಎಂಬ ಊರಿನಲ್ಲಿ. ಆಗ ಅವರ ಹೆಸರು ಜೇನ್ ಬಟ್ಜ್ನರ್. ತಂದೆ ವೈದ್ಯರು. ತಾಯಿ ಮದುವೆಗೆ ಮುಂಚೆ ಶಿಕ್ಷಕಿಯಾಗಿದ್ದವರು, ದಾದಿಯಾಗಿಯೂ ಕೆಲಸ ಮಾಡಿದವರು. ಸ್ಕ್ರ್ಯಾಂಟನ್ ಎಂದರೆ ಕಲ್ಲಿದ್ದಲಿನ ಊರು. ಅದಕ್ಕೂ ಹಿಂದೆ ಅಲ್ಲಿ ದೊಡ್ಡ ಕಬ್ಬಿಣದ ಕಾರ್ಖಾನೆಯಿತ್ತು, ರೈಲು ಹಳಿಗಳು ತಯಾರಾಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಊರು ಬಿಟ್ಟು ಬೇರೆಡೆಗೆ ಹೋಯಿತು. ಗಣಿಗಳು ಮಾತ್ರ ಉಳಿದವು. ಒಂದೇ ಕಸುಬನ್ನು ನೆಚ್ಚಿಕೊಂಡ ಊರಿನ ಭವಿಷ್ಯ ಹೇಗಿರುತ್ತದೆ ಎಂಬುದನ್ನು ಜೇನ್ ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ಶಾಲೆ ಆ ಹುಡುಗಿಗೆ ಒಗ್ಗಲಿಲ್ಲ. ಮೇಜಿನ ಕೆಳಗೆ ಬೇರೆ ಪುಸ್ತಕ ಇಟ್ಟುಕೊಂಡು ಓದುವ ಮಗು ಅದು. ಒಮ್ಮೆ ತರಗತಿಯಲ್ಲಿ ಶಿಕ್ಷಕಿ ನಗರಗಳು ಜಲಪಾತಗಳ ಸುತ್ತ ಬೆಳೆಯುತ್ತವೆ ಎಂದು ಹೇಳಿದರು. ಸ್ಕ್ರ್ಯಾಂಟನ್ನಿನಲ್ಲಿ ಒಂದು ಜಲಪಾತ ಇದ್ದದ್ದೂ ನಿಜ. ಜೇನ್ ಒಪ್ಪಲಿಲ್ಲ. ಜಲಪಾತಕ್ಕೂ ಊರಿನ ಜೀವನಕ್ಕೂ ಸಂಬಂಧವಿಲ್ಲ, ಊರನ್ನು ಸಾಕುತ್ತಿರುವುದು ಗಣಿ ಎಂದು ವಾದಿಸಿದಳು. ಭದ್ರೆಯ ದಡದ ನಮ್ಮ ಹುಡುಗಿ ಹೇಳಿದ್ದಕ್ಕೂ ಇದಕ್ಕೂ ಹೊಳೆಯ ಬದಲು ಜಲಪಾತ ಎಂಬಷ್ಟೇ ವ್ಯತ್ಯಾಸ. ಬೆಂಕಿಪುರವೆಂಬ ಸಣ್ಣ ಊರು ಉಕ್ಕಿನ ನಗರಿಯಾದದ್ದು 1918ರಲ್ಲಿ ಶುರುವಾದ ಯೋಜನೆಯಿಂದ, 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆಯಿಂದ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ. ಹೊಳೆಯ ನೀರೂ ಬೇಕಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೊಳೆಯೊಂದರಿಂದಲೇ ಊರಾಗಲಿಲ್ಲ ಎಂದ ಮಗು ತಪ್ಪು ಹೇಳಿರಲಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಸ್ವಾರಸ್ಯದ್ದು. ಜೇನ್ ಮೂರನೆಯ ತರಗತಿಯ ಸುಮಾರಿನಲ್ಲಿದ್ದಾಗ ಶಾಲೆಯಲ್ಲಿ ದಂತ ರಕ್ಷಣೆಯ ಬಗ್ಗೆ ಭಾಷಣ ನಡೆಯಿತು. ಭಾಷಣ ಮಾಡಿದವರು ಬದುಕಿರುವವರೆಗೂ ಪ್ರತಿದಿನ ಹಲ್ಲುಜ್ಜುತ್ತೇವೆಂದು ಎಲ್ಲ ಮಕ್ಕಳೂ ಕೈಯೆತ್ತಿ ಮಾತು ಕೊಡಬೇಕೆಂದರು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಜೇನ್ ತಂದೆ ಮನೆಯಲ್ಲಿ ಮಗಳಿಗೆ ಒಂದು ವಿಷಯ ತಿಳಿಹೇಳಿದ್ದರು. ಕೊಟ್ಟ ಮಾತು ದೊಡ್ಡದು, ಜೀವನಪೂರ್ತಿ ಉಳಿಸಿಕೊಳ್ಳಬಲ್ಲೆನೆಂಬ ಭರವಸೆ ಇಲ್ಲದೆ ಮಾತು ಕೊಡಬಾರದು ಎಂದಿದ್ದರು. ಜೇನ್ ಕೈಯೆತ್ತಲಿಲ್ಲ. ಅಷ್ಟಕ್ಕೇ ಬಿಡದೆ ಪಕ್ಕದ ಮಕ್ಕಳಿಗೂ ಎತ್ತಬೇಡಿರೆಂದಳು. ಶಿಕ್ಷಕಿಗೆ ಸಿಟ್ಟು ಬಂತು. ಹುಡುಗಿ ಹಟ ಬಿಡಲಿಲ್ಲ. ಅವಳನ್ನು ಶಾಲೆಯಿಂದ ಹೊರಗೆ ಕಳಿಸಿದರು. ಆಮೇಲೆ ಮತ್ತೆ ಸೇರಿಸಿಕೊಂಡರೆನ್ನಿ. ಆ ಶಿಕ್ಷಕಿಯ ಕಡೆಯಿಂದಲೂ ನಾನು ಯೋಚಿಸಿ ನೋಡಿದ್ದೇನೆ. ತುಂಬಿದ ಸಭೆ, ಹೊರಗಿನಿಂದ ಬಂದ ಅತಿಥಿ, ಎದುರು ಮಾತಾಡುವ ಒಂದು ಮಗು. ಸ್ವಾತಂತ್ರ್ಯ ದಿನದಂದು ನಮ್ಮ ಶಾಲೆಯ ಮೈದಾನದಲ್ಲಿ ಹೀಗಾದರೆ ನಾವೇನು ಮಾಡುತ್ತೇವೆಂದು ನಮಗೆಲ್ಲ ಗೊತ್ತು.

ಒಂಟಿಯಾಗಿ ನಡೆಯುವಾಗ ಜೇನ್ ಮನಸ್ಸಿನೊಳಗೆ ಯಾರೊಂದಿಗಾದರೂ ಮಾತಾಡಿಕೊಳ್ಳುತ್ತಿದ್ದಳು. ಮೊದಲು ಥಾಮಸ್ ಜೆಫರ್ಸನ್, ಅವರ ಮಾತು ಬೇಸರ ತಂದಮೇಲೆ ಬೆಂಜಮಿನ್ ಫ್ರಾಂಕ್ಲಿನ್. ಇನ್ನೂರು ವರ್ಷ ಹಿಂದಿನ ಮನುಷ್ಯ ಈಗ ಪಕ್ಕದಲ್ಲಿ ನಡೆಯುತ್ತಿದ್ದರೆ ಬೀದಿಯ ಪ್ರತಿಯೊಂದು ವಸ್ತುವನ್ನೂ ಅವನಿಗೆ ವಿವರಿಸಬೇಕಾಗುತ್ತದಲ್ಲ. ಇದು ಏನು, ಯಾಕೆ ಹೀಗಿದೆ, ಇದಕ್ಕೆ ಖರ್ಚು ಯಾರದು. ನಾವು ಸೂಕ್ಷ್ಮ ಬೋಧನೆಯಲ್ಲಿ ವಿವರಣಾ ಕೌಶಲ ಎಂದು ಹೆಸರಿಟ್ಟು ಆರು ನಿಮಿಷಕ್ಕೆ ಅಭ್ಯಾಸ ಮಾಡಿಸುವುದನ್ನು ಆ ಹುಡುಗಿ ದಾರಿಯುದ್ದಕ್ಕೂ ತಾನೇ ಮಾಡುತ್ತಿದ್ದಳು.

1933ರಲ್ಲಿ ಪ್ರೌಢಶಾಲೆ ಮುಗಿಯಿತು. ಅಂಕಗಳು ಸಾಧಾರಣ. ಕಾಲೇಜಿಗೆ ಹೋಗುವ ಉತ್ಸಾಹ ಇರಲಿಲ್ಲ. ಶೀಘ್ರಲಿಪಿ ಮತ್ತು ಬೆರಳಚ್ಚು ಕಲಿತು, ಊರಿನ ಪತ್ರಿಕೆಯಲ್ಲಿ ಮಹಿಳಾ ಪುಟದ ಸಂಪಾದಕಿಗೆ ಸಹಾಯಕಿಯಾಗಿ ಸಂಬಳವಿಲ್ಲದೆ ದುಡಿದರು. ಅದು ಆರ್ಥಿಕ ಮಹಾಕುಸಿತದ ಕಾಲ. ಪತ್ರಿಕೆಯ ಕೆಲಸ ಕೈಗೆ ಹತ್ತಿದ್ದು ಅಲ್ಲಿಯೇ.

ಆ ದಿನಗಳಲ್ಲಿ ಅವರು ಕೆಲವು ತಿಂಗಳು ಉತ್ತರ ಕೆರೊಲಿನದ ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ ಕಳೆದರು. ಅವರ ಚಿಕ್ಕಮ್ಮನೊಬ್ಬರು ಚರ್ಚಿನ ಪರವಾಗಿ ಅಲ್ಲಿ ಸಮಾಜ ಸೇವೆ ಮಾಡುತ್ತಿದ್ದರು. ಚಿಕ್ಕಮ್ಮ ಹೇಳಿದ ಒಂದು ಸಂಗತಿ ಜೇನ್ ಮನಸ್ಸಿನಲ್ಲಿ ಐವತ್ತು ವರ್ಷ ಉಳಿದು, ಮುಂದೆ 1984ರ ಪುಸ್ತಕದಲ್ಲಿ ಬಂತು. ಹಳ್ಳಿಯಲ್ಲಿ ಚರ್ಚು ಕಟ್ಟಬೇಕಾಗಿತ್ತು. ಹತ್ತಿರದ ಹಳ್ಳದಲ್ಲಿ ದೊಡ್ಡ ಕಲ್ಲುಗಳು ಬೇಕಾದಷ್ಟಿದ್ದವು. ಅವುಗಳಿಂದಲೇ ಕಟ್ಟೋಣವೆಂದಾಗ ಹಳ್ಳಿಯವರು ನಂಬಲಿಲ್ಲ. ಅಷ್ಟು ದೊಡ್ಡ ಕಲ್ಲುಗಳನ್ನು ಗಾರೆ ಹಿಡಿದು ನಿಲ್ಲಿಸುವುದಿಲ್ಲ ಎಂದರು. ಅವರ ಪೂರ್ವಿಕರು ಯೂರೋಪಿನಲ್ಲಿ ಕಲ್ಲಿನ ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟಿದ ಜನ. ಕಸುಬು ಮಾಡುವ ಅವಕಾಶ ತಪ್ಪಿದರೆ ಕೆಲವು ತಲೆಮಾರುಗಳಲ್ಲಿ ಆ ಕಸುಬು ಇತ್ತೆಂಬ ನೆನಪೂ ಅಳಿಯುತ್ತದೆ. ನಮ್ಮಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಮೇಲೆ ಪೇಪರ್ ಟೌನ್ ಕಡೆಗೆ ಹೋದಾಗಲೆಲ್ಲ ನನಗೆ ಈ ಕಲ್ಲಿನ ಕತೆ ನೆನಪಾಗುತ್ತದೆ.

ಹದಿನೆಂಟು, ಹತ್ತೊಂಬತ್ತರ ವಯಸ್ಸಿಗೆ ಜೇನ್ ಅಕ್ಕನ ಜೊತೆ ನ್ಯೂಯಾರ್ಕಿಗೆ ಬಂದರು. ಬೆಳಿಗ್ಗೆ ಕೆಲಸ ಹುಡುಕುವುದು, ಸಿಗದಿದ್ದರೆ ಉಳಿದ ಹೊತ್ತು ನೆಲದಡಿಯ ರೈಲಿನಲ್ಲಿ ಕುಳಿತು ಗೊತ್ತಿಲ್ಲದ ಯಾವುದೋ ನಿಲ್ದಾಣದಲ್ಲಿ ಇಳಿದು ಅಲೆಯುವುದು. ಹಾಗೆ ಒಂದು ದಿನ ಇಳಿದದ್ದು ಗ್ರೀನ್‌ವಿಚ್ ವಿಲೇಜ್ ಎಂಬ ಹಳೆಯ ಬಡಾವಣೆಯಲ್ಲಿ. ಓರೆಕೋರೆ ಬೀದಿಗಳು, ಸಣ್ಣ ಅಂಗಡಿಗಳು. ಮನೆಗೆ ಹೋಗಿ ಅಕ್ಕನಿಗೆ ನಾವು ಇರಬೇಕಾದ ಜಾಗ ಸಿಕ್ಕಿತೆಂದರು. ಕಾರ್ಯದರ್ಶಿಯ ಕೆಲಸ ಮಾಡುತ್ತಲೇ ತುಪ್ಪಳದ ವ್ಯಾಪಾರ ನಡೆಯುವ ಬೀದಿ, ಚರ್ಮದ ಬೀದಿ, ವಜ್ರದ ಬೀದಿ, ಹೂವಿನ ಮಾರುಕಟ್ಟೆ ಇವುಗಳ ಬಗ್ಗೆ ಲೇಖನ ಬರೆದು ವೋಗ್ ಪತ್ರಿಕೆಗೆ ಮಾರಿದರು. ಲೇಖನಕ್ಕೆ 40 ಡಾಲರ್. ರಸ್ತೆಯ ಮೇಲಿನ ಮ್ಯಾನ್‌ಹೋಲ್ ಮುಚ್ಚಳಗಳ ಮೇಲಿರುವ ಅಕ್ಷರಗಳನ್ನು ಓದಿದರೆ ನೆಲದ ಕೆಳಗೆ ಏನೇನು ಹರಿಯುತ್ತದೆ ಎಂದು ತಿಳಿಯಬಹುದೆಂದು 1940ರಲ್ಲಿ ಇನ್ನೊಂದು ಪತ್ರಿಕೆಯಲ್ಲಿ ಬರೆದರು. ಆ ಲೇಖನವೊಂದೇ ಸಾಕು, ಹೊರಸಂಚಾರ ಎಂದರೆ ಜೋಗಕ್ಕೋ ಸಕ್ರೆಬೈಲಿಗೋ ಬಸ್ಸು ಮಾಡುವುದು ಎಂದುಕೊಂಡಿರುವ ನಮಗೆ.

ಈ ನಡುವೆ ಎರಡು ವರ್ಷ ಕೊಲಂಬಿಯ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದಲ್ಲಿ ಓದಿದರು. ಭೂವಿಜ್ಞಾನ, ಪ್ರಾಣಿವಿಜ್ಞಾನ, ಕಾನೂನು, ಅರ್ಥಶಾಸ್ತ್ರ, ಹೀಗೆ ಇಷ್ಟ ಬಂದದ್ದನ್ನು ಆರಿಸಿಕೊಂಡು ಓದಿದರು, ಒಳ್ಳೆಯ ಅಂಕಗಳೂ ಬಂದವು. ಪದವಿಯ ಲೆಕ್ಕಕ್ಕೆ ಬರುವಷ್ಟು ಓದಿದ ಮೇಲೆ ನಿಯಮದ ಪ್ರಕಾರ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯಾಗಬೇಕಾಯಿತು. ಆ ಕಾಲೇಜು ಅವರ ಪ್ರೌಢಶಾಲೆಯ ಅಂಕಪಟ್ಟಿ ನೋಡಿ ಸೇರಿಸಿಕೊಳ್ಳಲಿಲ್ಲ. ಓದು ಅಲ್ಲಿಗೇ ನಿಂತಿತು. ಜೇನ್ ಇದನ್ನು ಕೊರಗಿನಿಂದ ನೆನೆಯಲಿಲ್ಲ, ಒಳ್ಳೆಯದೇ ಆಯಿತೆಂಬಂತೆ ಹೇಳಿಕೊಳ್ಳುತ್ತಿದ್ದರು. ಮುಂದೆ ಖ್ಯಾತಿ ಬಂದು ಅನೇಕ ವಿಶ್ವವಿದ್ಯಾಲಯಗಳು ಗೌರವ ಪದವಿ ಕೊಡಲು ಬಂದಾಗ ಬೇಡವೆಂದರು.

ಯುದ್ಧದ ಕಾಲದಲ್ಲಿ ಅವರು ಕೆಲಸ ಮಾಡಿದ್ದು ಐರನ್ ಏಜ್ ಎಂಬ ಲೋಹೋದ್ಯಮದ ಪತ್ರಿಕೆಯಲ್ಲಿ. ಗಂಡಸರಿಗೂ ಹೆಂಗಸರಿಗೂ ಸಮಾನ ವೇತನ ಬೇಕೆಂದು ಅಲ್ಲಿ ಜಗಳವಾಡಿದರು. 1943ರಲ್ಲಿ ತಮ್ಮ ಊರಿನ ಬಗ್ಗೆ ಬರೆದರು. ಗಣಿಗಳು ಬತ್ತಿದ ಸ್ಕ್ರ್ಯಾಂಟನ್ನಿನಲ್ಲಿ 30,000 ಮಂದಿ ನಿರುದ್ಯೋಗಿಗಳು, 7,000 ಮನೆಗಳು ಖಾಲಿ ಎಂಬ ಅಂಕಿಗಳು ಲೇಖನದ ಶೀರ್ಷಿಕೆಯಲ್ಲೇ ಇದ್ದವು. ಯುದ್ಧ ಸಾಮಗ್ರಿಗೆ ಕಾರ್ಖಾನೆ ಕಟ್ಟಲು ಸರ್ಕಾರ ಜಾಗ ಹುಡುಕುತ್ತಿದೆ, ದುಡಿಯುವ ಕೈಗಳಿರುವ ಊರನ್ನು ಮಾತ್ರ ಮರೆತಿದೆ ಎಂಬುದು ಅವರ ದೂರು. ಬರೆದು ಸುಮ್ಮನಾಗದೆ ಊರಿಗೆ ಹೋಗಿ ಸಭೆಯಲ್ಲೂ ಮಾತಾಡಿದರು. ಈ ಚಳವಳಿಯ ಫಲವಾಗಿ ಕೆಲವು ಕಾರ್ಖಾನೆಗಳು ಅಲ್ಲಿಗೆ ಬಂದವು. 2023ರ ಜನವರಿಯಲ್ಲಿ ನಮ್ಮ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಖಾನೆಯ ಮುಂದೆ ಕುಳಿತ ಗುತ್ತಿಗೆ ಕಾರ್ಮಿಕರನ್ನು ನಾವು ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ. ಅವರ ಮಕ್ಕಳು ನಮ್ಮ ಅಭ್ಯಾಸ ಶಾಲೆಗಳ ಬೆಂಚುಗಳ ಮೇಲಿದ್ದರು.

1944ರಲ್ಲಿ ರಾಬರ್ಟ್ ಜೇಕಬ್ಸ್ ಎಂಬ ವಾಸ್ತುಶಿಲ್ಪಿಯೊಂದಿಗೆ ಮದುವೆಯಾಯಿತು. 1947ರಲ್ಲಿ ದಂಪತಿ ಗ್ರೀನ್‌ವಿಚ್ ವಿಲೇಜಿನ ಹಡ್ಸನ್ ಬೀದಿಯ 555ನೇ ನಂಬರಿನ ಹಳೆಯ ಮನೆ ಕೊಂಡರು. ಕೆಳಗಡೆ ಹಿಂದೆ ಮಿಠಾಯಿ ಅಂಗಡಿಯಿತ್ತು. ಅನುಕೂಲಸ್ಥರು ನಗರ ಬಿಟ್ಟು ಹೊರವಲಯದ ಹೊಸ ಬಡಾವಣೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಇವರು ಅಂಗಡಿ ಸಾಲಿನಲ್ಲಿ ಮನೆ ಮಾಡಿದರು. ಮೂವರು ಮಕ್ಕಳು ಅಲ್ಲೇ ಬೆಳೆದರು. 1952ರಲ್ಲಿ ಜೇನ್ ಆರ್ಕಿಟೆಕ್ಚರಲ್ ಫೋರಮ್ ಪತ್ರಿಕೆ ಸೇರಿದರು. ನಕ್ಷೆ ಓದುವುದನ್ನು ಗಂಡನಿಂದ ಕಲಿತರು.

ಆ ಪತ್ರಿಕೆಗಾಗಿ ಅವರು ಫಿಲಡೆಲ್ಫಿಯ ನಗರಕ್ಕೆ ಹೋದರು. ಅಲ್ಲಿನ ನಗರ ಯೋಜನೆಯ ಮುಖ್ಯಸ್ಥ ಎಡ್ಮಂಡ್ ಬೇಕನ್ ಮೊದಲು ಒಂದು ಹಳೆಯ ಬೀದಿ ತೋರಿಸಿದರು. ಜನ ಕಿಕ್ಕಿರಿದಿದ್ದರು, ಮೆಟ್ಟಿಲುಗಳ ಮೇಲೆ ಕುಳಿತಿದ್ದರು, ಕಿಟಕಿಗಳಿಂದ ನೋಡುತ್ತಿದ್ದರು. ಆಮೇಲೆ ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟಿದ ಬೀದಿಗೆ ಕರೆದೊಯ್ದರು. ಎಲ್ಲವೂ ಚೊಕ್ಕಟ. ಇದ್ದದ್ದು ಒಬ್ಬನೇ ಹುಡುಗ, ಒಂದು ಟೈರನ್ನು ಒದೆಯುತ್ತಿದ್ದ. ಬೇಕನ್ ಕಟ್ಟಡಗಳನ್ನು ತೋರಿಸುತ್ತಿದ್ದರೆ ಜೇನ್ ಜನ ಎಲ್ಲಿ ಎಂದು ಕೇಳಿದರು. ನನ್ನ ದೃಷ್ಟಿಯಲ್ಲಿ ಅವರ ಮುಂದಿನ ಕೆಲಸವೆಲ್ಲ ಈ ಒಂದು ಪ್ರಶ್ನೆಯ ವಿಸ್ತರಣೆ. ಅದುವರೆಗೆ ಅವರೂ ಎಲ್ಲರಂತೆ ಹೊಸ ಯೋಜನೆಗಳನ್ನು ಹೊಗಳಿ ಬರೆದವರೇ. ತಾವು ಹೊಗಳಿದ್ದು ತಪ್ಪೆಂದು ತಿಳಿದ ಮೇಲೆ ಅದನ್ನು ಮುಚ್ಚಿಡಲಿಲ್ಲ.

ಕಣ್ಣು ತೆರೆಸಿದ ಇನ್ನೊಬ್ಬರು ವಿಲಿಯಂ ಕರ್ಕ್. ಈಸ್ಟ್ ಹಾರ್ಲೆಮ್ ಎಂಬ ಬಡವರ ಬಡಾವಣೆಯಲ್ಲಿ ಸೇವಾಕೇಂದ್ರ ನಡೆಸುತ್ತಿದ್ದವರು. ಅವರು ಜೇನ್ ಅವರನ್ನು ಸುಮ್ಮನೆ ಬೀದಿ ಬೀದಿ ಸುತ್ತಿಸಿದರು. ದಾರಿಯಲ್ಲಿ ನಿಂತು ಜನರನ್ನು ಮಾತಾಡಿಸುವುದು, ಅಂಗಡಿಗೆ ಹೋಗುವುದು, ಇಷ್ಟೇ. ಮೊದಮೊದಲು ಜೇನ್‌ಗೆ ಇದರಿಂದೇನು ತಿಳಿಯುತ್ತದೆಂದು ಗೊತ್ತಾಗಲಿಲ್ಲ. ನಿಧಾನವಾಗಿ ಹೊಳೆಯಿತು. ಅಂಗಡಿಕಾರ ಬರೀ ಸಾಮಾನು ಮಾರುವವನಲ್ಲ. ಬೀಗದ ಕೈ ಅವನ ಬಳಿ ಕೊಟ್ಟು ಹೋಗುತ್ತಾರೆ, ಮಗು ರಸ್ತೆಗಿಳಿದರೆ ಅವನು ಗದರುತ್ತಾನೆ, ಊರಿಗೆ ಹೊಸಬರು ಬಂದರೆ ಅವನ ಕಣ್ಣಿಗೆ ಮೊದಲು ಬೀಳುತ್ತಾರೆ. ಹಳೆಯ ಬೀದಿ ಕೆಡವಿ ಎತ್ತರದ ವಸತಿ ಕಟ್ಟಡ ನಿಲ್ಲಿಸಿದಾಗ ಇಂಥ ಅಂಗಡಿಗಳೆಲ್ಲ ಹೋದವು. ಬದಲಿಗೆ ಹುಲ್ಲುಹಾಸು ಬಂತು. ಅಲ್ಲಿನ ನಿವಾಸಿಗಳು ಆ ಹುಲ್ಲುಹಾಸನ್ನು ದ್ವೇಷಿಸುತ್ತಿದ್ದರು ಎಂಬುದನ್ನು ಜೇನ್ ದಾಖಲಿಸಿದ್ದಾರೆ. ನಮ್ಮ ಗಾಂಧಿ ಬಜಾರಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1956ರಲ್ಲಿ ಸಂಪಾದಕರು ಊರಲ್ಲಿರದ ಕಾರಣ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮ್ಮೇಳನದಲ್ಲಿ ಜೇನ್ ಮಾತಾಡಬೇಕಾಯಿತು. ಸಭಾಕಂಪ ಬಹಳ ಇತ್ತು. ಬರೆದುಕೊಂಡದ್ದನ್ನು ಬಾಯಿಪಾಠ ಮಾಡಿ, ಈಸ್ಟ್ ಹಾರ್ಲೆಮ್ಮಿನ ಅಂಗಡಿಗಳ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಸಭೆಯಲ್ಲಿದ್ದ ಪಂಡಿತರು ಬೆರಗಾದರು. ಮೊದಲ ಪಾಠಕ್ಕೆ ನಿಂತಾಗ ಮೊಣಕಾಲು ನಡುಗಿದ ಪ್ರಶಿಕ್ಷಣಾರ್ಥಿಗಳು ಇದನ್ನು ಗಮನಿಸಬಹುದು. ಎರಡು ವರ್ಷದ ಮೇಲೆ ಫಾರ್ಚೂನ್ ಪತ್ರಿಕೆಯಲ್ಲಿ ನಗರದ ಮಧ್ಯಭಾಗ ಇರುವುದು ಜನರಿಗಾಗಿ ಎಂಬ ವಾದದ ದೀರ್ಘ ಲೇಖನ ಬಂತು. ಅದನ್ನು ಮೆಚ್ಚಿದ ರಾಕ್‌ಫೆಲರ್ ಪ್ರತಿಷ್ಠಾನ ಪುಸ್ತಕ ಬರೆಯಲು ನೆರವು ಕೊಟ್ಟಿತು.

ಬರವಣಿಗೆ ನಡೆದಿರುವಾಗಲೇ ಮನೆಬಾಗಿಲಿಗೆ ಜಗಳಗಳು ಬಂದವು. ಆಗ ನ್ಯೂಯಾರ್ಕಿನ ರಸ್ತೆ, ಸೇತುವೆ, ವಸತಿ ಎಲ್ಲವೂ ರಾಬರ್ಟ್ ಮೋಸೆಸ್ ಎಂಬ ಒಬ್ಬ ಅಧಿಕಾರಿಯ ಕೈಯಲ್ಲಿದ್ದವು. ಆತ ಎಂದೂ ಚುನಾವಣೆಯಲ್ಲಿ ಗೆದ್ದವನಲ್ಲ, ಆದರೆ ಮೇಯರುಗಳು ಬದಲಾದರೂ ಆತ ಬದಲಾಗುತ್ತಿರಲಿಲ್ಲ. ಗ್ರೀನ್‌ವಿಚ್ ವಿಲೇಜಿನ ಮಕ್ಕಳು ಆಡುವ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದ ನಡುವೆ ನಾಲ್ಕು ಪಥದ ರಸ್ತೆ ಹಾಯಿಸಬೇಕೆಂಬುದು ಆತನ ಯೋಜನೆ. 1952ರಿಂದಲೇ ಶರ್ಲಿ ಹೇಯ್ಸ್ ಎಂಬ ತಾಯಿ ಇದನ್ನು ವಿರೋಧಿಸುತ್ತಿದ್ದರು. ಜೇನ್ ಆಮೇಲೆ ಸೇರಿಕೊಂಡವರು. ಈ ಗೆಲುವನ್ನು ಒಬ್ಬ ಜೇನ್ ಅವರ ಲೆಕ್ಕಕ್ಕೆ ಬರೆಯುವುದು ವಾಡಿಕೆಯಾಗಿದೆ, ಅದು ಸರಿಯಲ್ಲ. ಮಕ್ಕಳೂ ಭಿತ್ತಿಪತ್ರ ಹಚ್ಚಿದರು, ಸಹಿ ಸಂಗ್ರಹಿಸಿದರು. 1958ರ ನವೆಂಬರ್‌ನಲ್ಲಿ ಉದ್ಯಾನದೊಳಗೆ ವಾಹನಗಳನ್ನು ಪ್ರಾಯೋಗಿಕವಾಗಿ ನಿಲ್ಲಿಸಿದರು. ರಿಬ್ಬನ್ ಕತ್ತರಿಸುವ ಬದಲು ಕಟ್ಟುವ ಸಮಾರಂಭ ನಡೆಯಿತು. ರಿಬ್ಬನ್ ಹಿಡಿದವರಲ್ಲಿ ಜೇನ್ ಅವರ ಪುಟ್ಟ ಮಗಳೂ ಒಬ್ಬಳು. ಆ ರಸ್ತೆ ಬರಲೇ ಇಲ್ಲ.

ಮುಂದೆ ಹಡ್ಸನ್ ಬೀದಿಯ ಫುಟ್‌ಪಾತನ್ನು ಎರಡೂ ಬದಿ ಕತ್ತರಿಸಿ ರಸ್ತೆ ಅಗಲಿಸುವ ಯೋಜನೆ ಬಂತು. ನೆರೆಹೊರೆಯವರು ಕೂಡಿ ಅದನ್ನು ತಡೆದರು. 1961ರ ಫೆಬ್ರವರಿಯಲ್ಲಿ ವೆಸ್ಟ್ ವಿಲೇಜಿನ 14 ಬ್ಲಾಕುಗಳು ಕೊಳೆಗೇರಿ ಎಂದು ಘೋಷಣೆಯಾಗುವ ಹಂತಕ್ಕೆ ಬಂದವು. ಘೋಷಣೆಯಾದರೆ ಕೆಡವಬಹುದು. ಜೇನ್ ಅವರ ಮನೆಯೂ ಅದರಲ್ಲಿತ್ತು. ಪುಸ್ತಕದ ಹಸ್ತಪ್ರತಿ ಮುಗಿದು ಆಗತಾನೇ ಪ್ರಕಾಶಕರಿಗೆ ಹೋಗಿತ್ತು. ಅವರು ಸಮಿತಿ ಕಟ್ಟಿದರು. ಬಂದರಿನ ಕೂಲಿಗಳು, ಅಂಗಡಿಯವರು, ಲೇಖಕರು, ಪಾದ್ರಿಗಳು ಎಲ್ಲರೂ ಬಂದರು. ಬಡಾವಣೆಯನ್ನು ಮನೆಮನೆ ಹೊಕ್ಕು ಸಮೀಕ್ಷೆ ಮಾಡಿ, ಇದು ಕೊಳೆಗೇರಿ ಅಲ್ಲವೆಂದು ಅಂಕಿಅಂಶದೊಂದಿಗೆ ವಾದಿಸಿದರು. ಮರುವರ್ಷ ನಗರಾಡಳಿತ ಯೋಜನೆ ಕೈಬಿಟ್ಟಿತು.

ಅಮೆರಿಕದ ಮಹಾನಗರಗಳ ಸಾವು ಮತ್ತು ಬದುಕಿನ ಕುರಿತ ಅವರ ಪುಸ್ತಕ 1961ರಲ್ಲಿ ಹೊರಬಂತು. ಅದರ ಸಾರವನ್ನು ಇಲ್ಲಿ ಕೊಡಲು ಜಾಗವಿಲ್ಲ. ಬೀದಿ ಜೀವಂತವಾಗಿರಲು ಮನೆ, ಅಂಗಡಿ, ಕೆಲಸ ಎಲ್ಲವೂ ಬೆರೆತಿರಬೇಕು, ಬ್ಲಾಕುಗಳು ಚಿಕ್ಕದಿರಬೇಕು, ಜನ ಸಾಕಷ್ಟಿರಬೇಕು, ಹಳೆಯ ಹೊಸ ಕಟ್ಟಡಗಳು ಒಟ್ಟಿಗಿರಬೇಕು ಎಂಬ ನಾಲ್ಕು ಮಾತುಗಳ ಸುತ್ತ ಅದು ನಿಂತಿದೆ. ನಾಲ್ಕನೆಯದು ನನಗೆ ಬಹಳ ಹಿಡಿಸಿತು. ಹಳೆಯ ಕಟ್ಟಡ ಉಳಿಸಬೇಕೆಂದರೆ ನಾವು ಶಿವಪ್ಪನಾಯಕನ ಅರಮನೆಯನ್ನು ನೆನೆಯುತ್ತೇವೆ. ಅರಮನೆ ಉಳಿಯಬೇಕು, ಸರಿ. ಆದರೆ ಜೇನ್ ಹೇಳಿದ್ದು ಸಾಧಾರಣ ಹಳೆಯ ಕಟ್ಟಡಗಳ ಬಗ್ಗೆ, ಸುಣ್ಣ ಮಾಸಿದ ಹೆಂಚಿನ ಮನೆ, ಮರದ ಹಲಗೆಯ ಬಾಗಿಲಿನ ಅಂಗಡಿ ಇಂಥವುಗಳ ಬಗ್ಗೆ. ಹೊಸ ಕಟ್ಟಡದ ಬಾಡಿಗೆ ತೆರಲು ಹೊಸದಾಗಿ ವ್ಯಾಪಾರಕ್ಕಿಳಿದವನಿಗೆ ಆಗುವುದಿಲ್ಲ. ಹಳೆಯ ಕಟ್ಟಡದ ಕಡಿಮೆ ಬಾಡಿಗೆಯಲ್ಲೇ ಹೊಸ ಕಸುಬು ಹುಟ್ಟುತ್ತದೆ. ಬೀದಿಯನ್ನು ಕಾಯುವುದು ಮುಖ್ಯವಾಗಿ ಪೊಲೀಸರಲ್ಲ, ಕಿಟಕಿಯಿಂದ, ಜಗಲಿಯಿಂದ, ಅಂಗಡಿಯ ಗಲ್ಲಾದಿಂದ ನೋಡುವ ಕಣ್ಣುಗಳು ಎಂಬುದೂ ಅವರದೇ ವಿಚಾರ.

ಪದವಿಯಿಲ್ಲದ ಹೆಂಗಸು ಶಾಸ್ತ್ರವೊಂದನ್ನು ಬುಡಮೇಲು ಮಾಡುವುದು ಎಲ್ಲರಿಗೂ ಹಿತವಾಗಲಿಲ್ಲ. ಹಿಂದೆ ಅವರನ್ನು ಪ್ರೋತ್ಸಾಹಿಸಿದ್ದ ಲೂಯಿಸ್ ಮಮ್ಫರ್ಡ್ ಕಟುವಾಗಿ ವಿಮರ್ಶೆ ಬರೆದರು, ಅವರ ಸಲಹೆಗಳನ್ನು ಮನೆಮದ್ದಿಗೆ ಹೋಲಿಸಿದರು. ಎಲ್ಲ ಟೀಕೆಯೂ ಹೊಟ್ಟೆಕಿಚ್ಚಿನದಲ್ಲ. ಕಪ್ಪು ಜನರು ಅನುಭವಿಸುತ್ತಿದ್ದ ವಸತಿ ತಾರತಮ್ಯಕ್ಕೆ ಅವರ ಪುಸ್ತಕದಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಅವರು ಉಳಿಸಿದ ಬೀದಿಗಳಲ್ಲಿ ಇಂದು ಮನೆ ಕೊಳ್ಳುವುದು ಭಾರಿ ಶ್ರೀಮಂತರಿಗೆ ಮಾತ್ರ ಸಾಧ್ಯ. ಬಂದರಿನ ಕೂಲಿಗಳು ಅಲ್ಲಿ ಉಳಿಯಲಿಲ್ಲ. ಕಟ್ಟಡ ಉಳಿಸಿದರೆ ಜನ ಉಳಿಯುತ್ತಾರೆ ಎಂಬುದಕ್ಕೆ ಖಾತರಿ ಇಲ್ಲ.

1962ರಲ್ಲಿ ಪೆನ್ಸಿಲ್ವೇನಿಯ ರೈಲು ನಿಲ್ದಾಣದ ಭವ್ಯ ಕಟ್ಟಡವನ್ನು ಕೆಡವಬಾರದೆಂದು ನಡೆದ ಮೆರವಣಿಗೆಯಲ್ಲಿ ಅವರಿದ್ದರು. ಕಟ್ಟಡ ಉಳಿಯಲಿಲ್ಲ. ಆ ನಷ್ಟದ ನೋವಿನಿಂದಲೇ 1965ರಲ್ಲಿ ನ್ಯೂಯಾರ್ಕಿಗೆ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಕಾನೂನು ಬಂತು. ದೊಡ್ಡ ಹೋರಾಟ ಇನ್ನೊಂದು. ನಗರದ ಕೆಳಭಾಗವನ್ನು ಸೀಳಿಕೊಂಡು ಹತ್ತು ಪಥಗಳ ಎತ್ತರಿಸಿದ ಹೆದ್ದಾರಿ ಕಟ್ಟುವ ಯೋಜನೆ. ಸುಮಾರು 2,000 ಕುಟುಂಬಗಳು, 800 ವ್ಯಾಪಾರಗಳು ಎದ್ದು ಹೋಗಬೇಕಿತ್ತು. ಅಲ್ಲಿನ ಪಾದ್ರಿಯೊಬ್ಬರು 1962ರಲ್ಲಿ ಜೇನ್ ಸಹಾಯ ಕೇಳಿದರು. ಯೋಜನೆ ಸತ್ತು ಸತ್ತು ಹುಟ್ಟುತ್ತಿತ್ತು. 1968ರ ಏಪ್ರಿಲ್ 10ರ ಅಹವಾಲು ಸಭೆಯಲ್ಲಿ ಮೈಕು ಅಧಿಕಾರಿಗಳ ಕಡೆಗಲ್ಲ, ಜನರ ಕಡೆಗೆ ಮುಖ ಮಾಡಿರುವುದನ್ನು ಜೇನ್ ಗಮನಿಸಿದರು. ಅಂದರೆ ನಾಗರಿಕರು ನಾಗರಿಕರಿಗೇ ಅಹವಾಲು ಹೇಳಿಕೊಂಡು ಮನೆಗೆ ಹೋಗಬೇಕು. ಅವರು ವೇದಿಕೆ ಹತ್ತಿ ಆಚೆಗೆ ನಡೆದರು, ಹಿಂದೆ ಜನ ಬಂದರು. ಗದ್ದಲದಲ್ಲಿ ಶೀಘ್ರಲಿಪಿಯ ಯಂತ್ರದ ಸುರುಳಿ ಬಿಚ್ಚಿ ಚೆಲ್ಲಾಡಿತು. ದಾಖಲೆ ಇಲ್ಲದ ಮೇಲೆ ಸಭೆ ನಡೆದಂತಲ್ಲ ಎಂದು ಜೇನ್ ಸಾರಿದರು. ಪೊಲೀಸರು ಬಂಧಿಸಿದರು, ದೊಂಬಿಯ ಆರೋಪ ಹೊರಿಸಿದರು. ಆಮೇಲೆ ಆರೋಪ ಕಡಿಮೆಯಾಯಿತು. 1969ರಲ್ಲಿ ಹೆದ್ದಾರಿ ಯೋಜನೆ ರದ್ದಾಯಿತು. ಸೋಹೋ ಎಂಬ ಆ ಪ್ರದೇಶದ ಎರಕ ಕಬ್ಬಿಣದ ಮುಂಭಾಗದ ಕಟ್ಟಡಗಳು 1973ರಲ್ಲಿ ಸಂರಕ್ಷಿತವಾದವು. ಎರಕ ಕಬ್ಬಿಣ ಎಂದಾಗ ಭದ್ರಾವತಿಯವರ ಕಿವಿ ನೆಟ್ಟಗಾಗುತ್ತದೆಂದು ಬಲ್ಲೆ.

ಗೆಲುವು ಬರುವಷ್ಟರಲ್ಲಿ ಅವರು ನ್ಯೂಯಾರ್ಕಿನಲ್ಲಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಗಂಡುಮಕ್ಕಳನ್ನು ಕಳಿಸಲು ಒಪ್ಪದ ದಂಪತಿ 1968ರಲ್ಲಿ ಕೆನಡಾದ ಟೊರಾಂಟೋಗೆ ಹೋಗಿ ನೆಲೆಸಿದರು. ಹೋದ ಊರಿನಲ್ಲೂ ಸ್ಪಡೈನಾ ಹೆದ್ದಾರಿಯ ಯೋಜನೆ ಅವರ ಮನೆಯ ದಾರಿಯಲ್ಲೇ ಬರುತ್ತಿತ್ತು. ಅಲ್ಲಿಯೂ ಹೋರಾಟ. 1971ರಲ್ಲಿ ಅದೂ ನಿಂತಿತು. 1974ರಲ್ಲಿ ಅವರು ಕೆನಡಾದ ಪೌರರಾದರು. ನಗರಗಳ ಅರ್ಥವ್ಯವಸ್ಥೆಯ ಬಗ್ಗೆ ಮುಂದೆ ಬರೆದ ಪುಸ್ತಕಗಳೇ ತಮ್ಮ ಮುಖ್ಯ ಕೆಲಸವೆಂದು ಅವರ ಅಭಿಪ್ರಾಯ.

ನಮ್ಮ ವೃತ್ತಿಗೆ ಹತ್ತಿರವಾದ ಎರಡು ಪುಸ್ತಕಗಳನ್ನು ಅವರು ಇಳಿವಯಸ್ಸಿನಲ್ಲಿ ಕೊಟ್ಟರು. ಅವರ ಅಜ್ಜಿಯ ಸಹೋದರಿ ಹಾನಾ ಬ್ರೀಸ್ 1904ರಿಂದ 1918ರವರೆಗೆ ಅಲಾಸ್ಕದ ದೂರದ ಹಳ್ಳಿಗಳಲ್ಲಿ ಶಿಕ್ಷಕಿಯಾಗಿದ್ದರು. ಆಕೆ ಬರೆದಿಟ್ಟ ನೆನಪುಗಳನ್ನು ಜೇನ್ ಸಂಪಾದಿಸಿ 1995ರಲ್ಲಿ ಪ್ರಕಟಿಸಿದರು. ಅದಕ್ಕಾಗಿ ತಾವೇ ಅಲಾಸ್ಕಕ್ಕೆ ಹೋಗಿ ಆ ಹಳ್ಳಿಗಳನ್ನು ನೋಡಿ ಬಂದರು. 2004ರಲ್ಲಿ ಬಂದ ಕೊನೆಯ ಪುಸ್ತಕದಲ್ಲಿ ಒಂದು ಅಧ್ಯಾಯವಿಡೀ ವಿದ್ಯಾಲಯಗಳ ಮೇಲಿದೆ. ಅವು ಕಲಿಸುವ ಕೆಲಸ ಬಿಟ್ಟು ಅರ್ಹತಾಪತ್ರ ಹಂಚುವ ಕೆಲಸ ಹಿಡಿದಿವೆ ಎಂಬುದು ಅಲ್ಲಿನ ದೂರು. ಬಿ.ಇಡ್. ಕಾಲೇಜಿನ ಸಿಬ್ಬಂದಿ ಕೊಠಡಿಯಲ್ಲಿ ಕುಳಿತು ಅದನ್ನು ಓದುವುದು ಸುಲಭವಲ್ಲ.

2006ರ ಏಪ್ರಿಲ್ 25ರಂದು, ತೊಂಬತ್ತು ತುಂಬಲು ಒಂಬತ್ತು ದಿನ ಇರುವಾಗ ಜೇನ್ ಟೊರಾಂಟೋದಲ್ಲಿ ತೀರಿಕೊಂಡರು. ಮರುವರ್ಷದಿಂದ ಅವರ ಹುಟ್ಟುಹಬ್ಬದ ಸುಮಾರಿಗೆ, ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ, ಅವರ ಗೆಳೆಯರು ಬಡಾವಣೆಗಳಲ್ಲಿ ನಡೆದಾಡುವ ಕಾರ್ಯಕ್ರಮ ಶುರುಮಾಡಿದರು. ಟಿಕೆಟ್ಟಿಲ್ಲ, ಭಾಷಣವಿಲ್ಲ. ಆ ಬೀದಿಯಲ್ಲಿ ವಾಸಿಸುವ ಯಾರಾದರೂ ಮುಂದೆ ನಡೆಯುತ್ತ ತಮಗೆ ಗೊತ್ತಿದ್ದನ್ನು ಹೇಳುತ್ತಾರೆ. ಈಗ ಅದು ಅನೇಕ ದೇಶಗಳ ಊರುಗಳಲ್ಲಿ ನಡೆಯುತ್ತದೆ.

ಈ ವರ್ಷ ಅಭ್ಯಾಸ ಪಾಠ ಶುರುವಾಗುವ ಮೊದಲು ನಾನು ಸಮಾಜ ವಿಜ್ಞಾನ ಬೋಧನೆಯ ತಂಡವನ್ನು ಭದ್ರಾವತಿಯ ಹಳೇನಗರದಿಂದ ನ್ಯೂಟೌನಿನವರೆಗೆ ನಡೆಸಿಕೊಂಡು ಹೋದೆ. ಯಾರು ಎಲ್ಲಿಂದ, ಯಾವ ಕೆಲಸಕ್ಕೆ ಇಲ್ಲಿಗೆ ಬಂದರು ಎಂದು ಕೇಳಿ ಬರೆದುಕೊಳ್ಳಿರೆಂದೆ. ಬರೆದುಕೊಂಡು ಬಂದರು. ಆ ದಿನ ಎಂಟನೆಯ ತರಗತಿಯ ಹಲಗೆಯ ಮೇಲೆ ಇದೇ ಪಟ್ಟಿ ಸಿದ್ಧವಾಗುತ್ತಿತ್ತು, ಮಕ್ಕಳ ಬಾಯಿಂದಲೇ. ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕುಳಿತಿದ್ದ ನಾನು ಅದನ್ನು ನಕಲು ಮಾಡಿಕೊಳ್ಳಲಿಲ್ಲ. ನಾಲ್ಕೈದು ಊರುಗಳ ಹೆಸರು ಮಾತ್ರ ನೆನಪಿವೆ.